ತೃಪ್ತಿ ನೂರಕ್ಕೆ ತೊಂಬತ್ತು, ರಿಕ್ವೆಸ್ಟ್ ಮಾತ್ರ ವರ್ಷ ವರ್ಷ ಇಳೀತಿದೆ: ಐಎಲ್‌ಎಲ್ ಸರ್ವೆನ ಹೇಗೆ ಓದೋದು?

ಪ್ರಶ್ನೆ: ಸರ್, ನಾನು ರಾಜ್ಯ ಸರ್ಕಾರದ ಒಂದು ಯೂನಿವರ್ಸಿಟಿ ಲೈಬ್ರರಿಲಿ ಅಸಿಸ್ಟೆಂಟ್ ಲೈಬ್ರೇರಿಯನ್. ನ್ಯಾಕ್ (ಯೂನಿವರ್ಸಿಟಿಗಳಿಗೆ ಗ್ರೇಡ್ ಕೊಡೋ ಮೌಲ್ಯಮಾಪನ) ಹತ್ರ ಬರ್ತಿದೆ ಅಂತ ಇಂಟರ್‌ಲೈಬ್ರರಿ ಲೋನ್, ಅಂದ್ರೆ ನಮ್ಮಲ್ಲಿ ಇಲ್ಲದ ಪುಸ್ತಕ, ಆರ್ಟಿಕಲ್‌ನ ಬೇರೆ ಲೈಬ್ರರಿಯಿಂದ ತರಿಸಿಕೊಡೋ ಐಎಲ್‌ಎಲ್ ಸೇವೆ ಬಗ್ಗೆ ಯೂಸರ್ ಸರ್ವೆ ಮಾಡಿದ್ವಿ. ಹೆಚ್ಚುಕಮ್ಮಿ ನೂರಕ್ಕೆ ತೊಂಬತ್ತು ಜನ ‘ತೃಪ್ತಿ’ ಇಲ್ಲಾ ‘ತುಂಬಾ ತೃಪ್ತಿ’ ಅಂತ ಟಿಕ್ ಮಾಡಿದಾರೆ. ಆದ್ರೆ ರಿಜಿಸ್ಟರ್ ತೆಗೆದು ನೋಡಿದ್ರೆ ರಿಕ್ವೆಸ್ಟ್ ಪ್ರತಿ ವರ್ಷ ಕಮ್ಮಿ ಆಗ್ತಾನೇ ಇದೆ. ಲೈಬ್ರರಿ ಕಮಿಟಿ ಮೀಟಿಂಗಲ್ಲಿ ಒಬ್ಬರು ಪ್ರೊಫೆಸರ್ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಬಂದಾಯ್ತಲ್ಲ, ಇನ್ನು ಐಎಲ್‌ಎಲ್ ಯಾಕ್ರೀ’ ಅಂದ್ರು, ಕೇಂದ್ರ ಸರ್ಕಾರನೇ ದುಡ್ಡು ಕೊಟ್ಟು ಸರ್ಕಾರಿ ಸಂಸ್ಥೆಗಳಿಗೆ ಆನ್‌ಲೈನ್ ಜರ್ನಲ್ ಒದಗಿಸೋ ಸ್ಕೀಮು ಅದು. ನಮ್ಮ ಸರ್ವೆ ಸರಿ ಇದೆಯಾ? ಅವರಿಗೆ ಏನಂತ ಹೇಳ್ಲಿ?

ಉತ್ತರ: ಮೇಡಂ, ಆ ತೊಂಬತ್ತು ನಿಜಾನೇ ಇರ್ಬಹುದು, ಆದ್ರೆ ಅದು ಯಾರ ತೊಂಬತ್ತು ಅಂತ ಮೊದಲು ನೋಡಿ. ಫಾರ್ಮ್ ಯಾರಿಗೆ ಹೋಯ್ತು? ಬಹುಶಃ ರಿಜಿಸ್ಟರಲ್ಲಿ ಹೆಸರಿದ್ದವರಿಗೆ, ಅದರಲ್ಲೂ ಪುಸ್ತಕನೋ ಆರ್ಟಿಕಲ್ಲೋ ಕೈಗೆ ಸಿಕ್ಕವರಿಗೆ, ಯಾಕಂದ್ರೆ ಫೋನ್ ನಂಬರ್ ಇರೋದು ಅವರದ್ದೇ. ಕೇಳಿ ಸಿಗದೆ ಸುಮ್ಮನಾದವರು, ಹೀಗೊಂದು ಸೇವೆ ಇದೆ ಅನ್ನೋದೇ ಗೊತ್ತಿಲ್ಲದವರು, ಸೀನಿಯರ್ ‘ಅಲ್ಲಿ ಕೇಳಿದ್ರೆ ಥೀಸಿಸ್ ಸಬ್ಮಿಟ್ ಆದ್ಮೇಲೆ ಬರತ್ತೆ’ ಅಂತ ಹೇಳಿದ್ದಕ್ಕೆ ಈ ಕಡೆ ತಲೆನೇ ಹಾಕದವರು, ಇವರ್ಯಾರೂ ಲೆಕ್ಕದಲ್ಲಿಲ್ಲ. ಹೋಟ್ಲಲ್ಲಿ ಉಂಡು ಕೈ ತೊಳ್ಕೊಂಡು ಬಂದವರನ್ನ ಊಟ ಹೇಗಿತ್ತು ಅಂತ ಕೇಳಿ, ‘ಊಟ ಖಾಲಿ’ ಬೋರ್ಡ್ ನೋಡಿ ವಾಪಸ್ ಹೋದವರನ್ನ ಬಿಟ್ಟ ಹಾಗೆ. ತೃಪ್ತಿ ಜಾಸ್ತಿ ಇದ್ದು ಬಳಕೆ ಇಳೀತಿದೆ ಅನ್ನೋದು ನಿಮಗೆ ಒಗಟಾಗಿ ಕಾಣ್ತಿದೆ, ಆದ್ರೆ ಕಷ್ಟಪಟ್ಟವರು ಬಿಟ್ಟು ಹೋದಷ್ಟೂ ಉಳಿದವರಲ್ಲಿ ತೃಪ್ತರ ಪರ್ಸೆಂಟೇಜ್ ಏರ್ತಾ ಹೋಗತ್ತೆ, ಅಷ್ಟೇ.

ಇನ್ನೊಂದು ವಿಷಯ ಕೇಳ್ಬೇಕು, ಬೇಜಾರ್ ಮಾಡ್ಕೋಬೇಡಿ. ಫಾರ್ಮ್ ಎಲ್ಲಿ ತುಂಬಿಸಿದ್ರಿ? ನಮ್ಮ ಎಷ್ಟೋ ಲೈಬ್ರರಿಗಳಲ್ಲಿ ಸರ್ವೆ ಫಾರ್ಮ್‌ನ ನೋ ಡ್ಯೂ ಸರ್ಟಿಫಿಕೇಟ್ ಜೊತೆ ಪಿನ್ ಮಾಡಿ ಕೊಡ್ತಾರೆ. ಹುಡುಗ ಪಿಎಚ್‌ಡಿ ಮುಗಿಸಿ ಊರಿಗೆ ಹೋಗೋ ಅವಸರದಲ್ಲಿ ಇರ್ತಾನೆ, ಎದುರಿಗೆ ಸೀಲ್ ಒತ್ತೋ ಸಿಬ್ಬಂದಿ ಕೂತಿರ್ತಾರೆ, ಆ ಹೊತ್ತಲ್ಲಿ ‘ಅತೃಪ್ತಿ’ ಅಂತ ಟಿಕ್ ಮಾಡೋ ಧೈರ್ಯ ಯಾರಿಗಿದೆ ಹೇಳಿ? ಮೇಲಿಂದ ಕೆಳಗೆ ಒಂದೇ ಸಾಲಲ್ಲಿ ‘ತುಂಬಾ ತೃಪ್ತಿ’ ಟಿಕ್ ಆಗಿರೋ ಫಾರ್ಮ್ ಎಷ್ಟಿದೆ ಅಂತ ಒಂದ್ಸಲ ಎಣಿಸಿ ನೋಡಿ, ‘ಈ ಸೇವೆ ಬಳಸಿಲ್ಲ’ ಅಂತ ಮೊದಲನೇ ಪ್ರಶ್ನೆಗೆ ಬರೆದು ಕೆಳಗೆ ‘ತುಂಬಾ ತೃಪ್ತಿ’ ಅಂತ ಹಾಕಿರೋರೂ ಸಿಗ್ತಾರೆ. ಸಂಖ್ಯೆನೂ ನೋಡಿ: 30 ಜನ ತುಂಬಿ 27 ಜನ ತೃಪ್ತಿ ಅಂದ್ರೆ 90 ಪರ್ಸೆಂಟ್ ಅಂತ ಗ್ರಾಫ್ ಹಾಕ್ತೀವಿ, ಅದರಲ್ಲಿ ಒಬ್ಬರು ಮನಸ್ಸು ಬದಲಾಯಿಸಿದ್ರೆ ಸಾಕು 87ಕ್ಕೆ ಬಂತು. ಇಷ್ಟು ಕಮ್ಮಿ ಜನ ಇದ್ದಾಗ ಪರ್ಸೆಂಟೇಜ್ ಹಾಕೋದೇ ಬೇಡ, ‘30ರಲ್ಲಿ 27’ ಅಂತ ಬರೀರಿ, ಓದೋರಿಗೆ ತೂಕ ಗೊತ್ತಾಗತ್ತೆ.

ಹಾಗಂತ ನಿಮ್ಮದೊಂದೇ ಲೈಬ್ರರಿ ಕಥೆ ಅಂದ್ಕೋಬೇಡಿ. ಅಮೆರಿಕದ ಅಸೋಸಿಯೇಷನ್ ಆಫ್ ರಿಸರ್ಚ್ ಲೈಬ್ರರೀಸ್ ಅನ್ನೋ ಸಂಸ್ಥೆ ನೂರಕ್ಕೂ ಹೆಚ್ಚು ಲೈಬ್ರರಿಗಳ ಐಎಲ್‌ಎಲ್ ಲೆಕ್ಕ ತೆಗೆದು 1998ರಲ್ಲಿ ರಿಪೋರ್ಟ್ ಪ್ರಕಟಿಸ್ತು, ಈ ಕ್ಷೇತ್ರದಲ್ಲಿ ಇವತ್ತಿಗೂ ಜನ ಉದಾಹರಿಸೋ ಸ್ಟಡಿ ಅದು. ಅದರಲ್ಲಿ ರಿಸರ್ಚ್ ಲೈಬ್ರರಿಗಳಿಗೆ ಹೊರಗಿಂದ ಒಂದು ಐಟಂ ತರಿಸೋಕೆ ಸರಾಸರಿ 18.35 ಡಾಲರ್ ಖರ್ಚು, ಕೊಡೋ ಲೈಬ್ರರಿಗೆ 9.48 ಡಾಲರ್, ಕೈಗೆ ಸಿಗೋಕೆ ಸುಮಾರು 16 ದಿನ. ಅಷ್ಟಾದ್ರೂ ಬಳಸಿದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನ ತೃಪ್ತಿ ಅಂತಾನೇ ಹೇಳಿದ್ರು! ಎರಡು ವಾರ ಕಾದೋರೂ ಖುಷಿ. ಅದೇ ದಶಕದಲ್ಲಿ ಅಲ್ಲಿ ಬೇರೆಯವರು ಇದನ್ನೇ ಕೆದಕಿದಾಗ ಗೊತ್ತಾಗಿದ್ದು, ಎಷ್ಟು ದಿನಕ್ಕೆ ಬಂತು ಅನ್ನೋದಕ್ಕಿಂತ ತನಗೆ ಬೇಕಾದ ಹೊತ್ತಿಗೆ ಬಂತಾ ಅನ್ನೋದು ಓದುಗನಿಗೆ ಮುಖ್ಯ ಅಂತ. ಮುಂದಿನ ವರ್ಷ ಚಾಪ್ಟರ್ ಬರೆಯೋನಿಗೆ ಇಪ್ಪತ್ತು ದಿನ ಏನೂ ಅಲ್ಲ, ಸೋಮವಾರ ಡಿಆರ್‌ಸಿ (ಪಿಎಚ್‌ಡಿ ಕೆಲಸ ಪರಿಶೀಲಿಸೋ ಕಮಿಟಿ) ಮುಂದೆ ಪ್ರೆಸೆಂಟೇಷನ್ ಇರೋಳಿಗೆ ನಾಲ್ಕು ದಿನಾನೂ ಲೇಟೇ. ಹಾಗಾಗಿ ‘ಸರಾಸರಿ ಇಷ್ಟು ದಿನ’ ಅನ್ನೋ ಅಂಕಿಯಿಂದ ತೃಪ್ತಿ ಬಗ್ಗೆ ಏನೂ ಗೊತ್ತಾಗಲ್ಲ. ನಿಮ್ಮ ಫಾರ್ಮಲ್ಲಿ ‘ಯಾವ ತಾರೀಕಿನೊಳಗೆ ಬೇಕು’ ಅನ್ನೋ ಜಾಗ ಇದೆಯಾ? ಇಲ್ಲ ಅಂದ್ರೆ ಮೊದಲು ಅದನ್ನ ಸೇರಿಸಿ, ಒಂದು ರೂಪಾಯಿ ಖರ್ಚಿಲ್ಲ.

ಈಗ ಪ್ರೊಫೆಸರ್ ಮಾತಿಗೆ ಬರ್ತೀನಿ, ಅವರು ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್‌ಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದ್ದು 2024ರ ನವೆಂಬರಲ್ಲಿ, 2025ರಿಂದ 2027ರವರೆಗೆ ಮೂರು ವರ್ಷಕ್ಕೆ 6,000 ಕೋಟಿ, 30 ಪಬ್ಲಿಷರ್‌ಗಳ ಸುಮಾರು 13,000 ಜರ್ನಲ್, 6,300ರಷ್ಟು ಸರ್ಕಾರಿ ಸಂಸ್ಥೆಗಳು, ನೋಡ್ಕೊಳ್ಳೋದು ಯುಜಿಸಿಯ ಲೈಬ್ರರಿ ನೆಟ್‌ವರ್ಕ್ ಕೇಂದ್ರ, ಗಾಂಧಿನಗರದ ಇನ್‌ಫ್ಲಿಬ್‌ನೆಟ್. ಸೈನ್ಸ್, ಎಂಜಿನಿಯರಿಂಗ್, ಮೆಡಿಕಲ್ ಕಡೆ ಮೊದಲು ಐಎಲ್‌ಎಲ್‌ನಲ್ಲಿ ಬರ್ತಿದ್ದ ಆರ್ಟಿಕಲ್ ರಿಕ್ವೆಸ್ಟಲ್ಲಿ ದೊಡ್ಡ ಪಾಲು ಈಗ ಕ್ಯಾಂಪಸ್ ವೈಫೈಲೇ ಸಿಗತ್ತೆ, ಇದು ಒಳ್ಳೇದೇ ತಾನೇ. ಅದಕ್ಕೂ ಮೊದಲೇ ಶೋಧಗಂಗಾ ಅನ್ನೋ ಥೀಸಿಸ್‌ಗಳ ಆನ್‌ಲೈನ್ ಭಂಡಾರ ಬಂತು. ಯುಜಿಸಿ 2009ರಲ್ಲೇ ಪಿಎಚ್‌ಡಿ ಥೀಸಿಸ್‌ನ ಎಲೆಕ್ಟ್ರಾನಿಕ್ ಪ್ರತಿ ಕೊಡ್ಬೇಕು ಅಂತ ನಿಯಮ ಮಾಡಿದ್ದರಿಂದ ಲಕ್ಷಗಟ್ಟಲೆ ಥೀಸಿಸ್ ಈಗ ಪಿಡಿಎಫ್‌ನಲ್ಲಿದೆ, ಬೇರೆ ಯೂನಿವರ್ಸಿಟಿ ಥೀಸಿಸ್ ನೋಡೋಕೆ ರಾತ್ರಿ ಬಸ್ ಹತ್ತಿ ಹೋಗಿ ರೀಡಿಂಗ್ ರೂಮಲ್ಲಿ ಕೂತು ನೋಟ್ಸ್ ಮಾಡ್ಕೊಂಡು ಬರೋ ಕಾಲ ಹೋಯ್ತು. ದುಡ್ಡು ಕೊಟ್ಟು ಓದಬೇಕಾದ ಪೇಪರ್‌ಗಳನ್ನ ಪಬ್ಲಿಷರ್ ಅನುಮತಿ ಇಲ್ಲದೆ ಪುಕ್ಕಟೆ ಕೊಡೋ ಸೈ-ಹಬ್ ಬಗ್ಗೆ ನಾನು ಹೇಳಬೇಕಾಗಿಲ್ಲ, ದೆಹಲಿ ಹೈಕೋರ್ಟಲ್ಲಿ 2020ರಿಂದ ಪಬ್ಲಿಷರ್‌ಗಳು ಕೇಸ್ ಹಾಕಿ ಕೂತಿದಾರೆ, ಕೇಸ್ ಏನೇ ಆಗ್ಲಿ, ಅರ್ಧ ನಿಮಿಷದಲ್ಲಿ ಪೇಪರ್ ಸಿಗಬೇಕು ಅನ್ನೋ ಅಭ್ಯಾಸ ಹುಡುಗರಿಗೆ ಕೂತುಬಿಟ್ಟಿದೆ. ನಿಮ್ಮ ಸೇವೆನ ಅವರು ಅಳೆಯೋದು ಆ ಅಳತೇಲಿ.

ಉಳಿದರ್ಧ ಏನು ಅಂದ್ರೆ, ಈ ಸ್ಕೀಮು ಇರೋದು ಜರ್ನಲ್‌ಗಳಿಗೆ. ಮತ್ತೆ ಪ್ರಿಂಟ್ ಆಗದೇ ನಿಂತು ಹೋದ ಪುಸ್ತಕ, ಗೆಜೆಟಿಯರ್, ಹಳೇ ಕನ್ನಡ ಪತ್ರಿಕೆ, ಸಣ್ಣ ಊರಿನ ಸಂಘ ಹೊರತಂದ ಸಂಭಾವನಾ ಗ್ರಂಥ ಯಾವುದೂ ಅದರಲ್ಲಿ ಬರಲ್ಲ. ಖಾಸಗಿ ಯೂನಿವರ್ಸಿಟಿಗಳೂ ಮೊದಲ ಹಂತದಲ್ಲಿಲ್ಲ, ಅವರು ನಿಮ್ಮ ಹತ್ರ ಕೇಳ್ಕೊಂಡು ಬರೋರೇ. ಇದರಿಂದ ನಿಮ್ಮ ಅಂಕಿಗಳಿಗೆ ಏನಾಗತ್ತೆ ನೋಡಿ: ಸುಲಭವಾಗಿ ತರಿಸಬಹುದಾಗಿದ್ದ ರಿಕ್ವೆಸ್ಟೆಲ್ಲ ಹೊರಗೆ ಹೋಯ್ತು, ಉಳಿದಿದ್ದು ಕಷ್ಟದ್ದು. ಇನ್ನು ಮುಂದೆ ರಿಕ್ವೆಸ್ಟ್ ಸಂಖ್ಯೆ ಕಮ್ಮಿ, ಸಿಗೋ ಪ್ರಮಾಣ ಕಮ್ಮಿ, ದಿನ ಜಾಸ್ತಿ, ಸರಿಯಾಗಿ ಕೇಳಿದ್ರೆ ತೃಪ್ತಿನೂ ಸ್ವಲ್ಪ ಕಮ್ಮಿ, ನಿಮ್ಮ ಸಿಬ್ಬಂದಿ ಮೊದಲಿಗಿಂತ ಚೆನ್ನಾಗಿ ಕೆಲಸ ಮಾಡ್ತಿದ್ರೂ ಅಂಕಿ ಇಳಿಯುತ್ತೆ. ಅದಕ್ಕೇ ಎಲ್ಲಾ ರಿಕ್ವೆಸ್ಟನ್ನ ಕಲಸಿ ಒಂದೇ ಪರ್ಸೆಂಟೇಜ್ ಮಾಡಿ ಹೋದ ವರ್ಷದ ಜೊತೆ ಹೋಲಿಸ್ಬೇಡಿ. ಆರ್ಟಿಕಲ್ ಬೇರೆ, ಪುಸ್ತಕ ಬೇರೆ, ಹಳೇ ಪತ್ರಿಕೆ ಬೇರೆ ಇಡಿ. ಕಮಿಟಿ ಮುಂದೆ ಆ ಮೂರು ಸಾಲು ಇಟ್ರೆ ಪ್ರೊಫೆಸರ್‌ಗೆ ಉತ್ತರ ಅಲ್ಲೇ ಸಿಗತ್ತೆ, ನೀವು ವಾದ ಮಾಡೋದೇ ಬೇಡ.

ಕಷ್ಟದ ರಿಕ್ವೆಸ್ಟ್ ಅಂದ್ರೆ ಹೇಗಿರತ್ತೆ ಅಂತ ಕಮಿಟಿಲಿ ಇರೋ ಸೈನ್ಸ್‌ನವರಿಗೆ ಗೊತ್ತಿರಲ್ಲ, ಒಂದನ್ನ ಬಿಡಿಸಿ ತೋರಿಸಿ. ಉದಾಹರಣೆಗೆ ಕನ್ನಡ ವಿಭಾಗದ ರಿಸರ್ಚ್ ಸ್ಕಾಲರ್ ಒಬ್ಬಳು ಪ್ರಬುದ್ಧ ಕರ್ನಾಟಕದ ಹಳೇ ಲೇಖನ ಕೇಳ್ಕೊಂಡು ಬರ್ತಾಳೆ ಅಂದ್ಕೊಳ್ಳಿ. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಶುರುವಾಗಿ ಆಮೇಲೆ ಮೈಸೂರು ವಿಶ್ವವಿದ್ಯಾನಿಲಯದ ಪತ್ರಿಕೆ ಆಗಿದ್ದು ಅದು. ಚೀಟೀಲಿ ‘ಸಂ. 14, ಸಂ. 3’ ಅಂತ ಇರತ್ತೆ. ಸಂಪುಟನೂ ‘ಸಂ.’, ಸಂಚಿಕೆನೂ ‘ಸಂ.’, ಯಾವುದು ಯಾವುದು ಅನ್ನೋದು ಊಹೆ. ಅವಳು ಇದನ್ನ ಎತ್ಕೊಂಡಿರೋದು ಇನ್ಯಾರದ್ದೋ ಗ್ರಂಥಋಣದಿಂದ, ಅವರು ಇನ್ನೊಬ್ಬರಿಂದ. ವರ್ಷ ಕೇಳಿದ್ರೆ ‘ಆಂಗೀರಸ ಸಂವತ್ಸರ ಅಂತಿದೆ ಸರ್’ ಅಂತಾಳೆ. ಹಳೇ ಪತ್ರಿಕೆ ಮುಟ್ಟಿದ ಸಿಬ್ಬಂದಿ ಇದ್ರೆ ತಕ್ಷಣ 1927-28 ಪ್ರಭವ, ಅಲ್ಲಿಂದ ಬೆರಳು ಮಡಚ್ತಾ ಬಂದ್ರೆ 1932-33 ಅಂತ ಲೆಕ್ಕ ಹಾಕ್ತಾರೆ, ಇಲ್ಲಾಂದ್ರೆ ರಿಕ್ವೆಸ್ಟ್ ಅಲ್ಲೇ ಸತ್ತಂತೆ. ಆಮೇಲೆ ಯೂನಿಯನ್ ಕ್ಯಾಟಲಾಗ್‌ನಲ್ಲಿ, ಅಂದ್ರೆ ಹಲವು ಲೈಬ್ರರಿಗಳಲ್ಲಿ ಏನೇನಿದೆ ಅಂತ ಒಂದೇ ಕಡೆ ಸೇರಿಸಿದ ಪಟ್ಟಿಲಿ ಹುಡುಕ್ಬೇಕು. ಇನ್‌ಫ್ಲಿಬ್‌ನೆಟ್‌ದು ಇಂಡ್‌ಕ್ಯಾಟ್ ಇದೆ, ದೆಹಲಿಯ ಡೆಲ್‌ನೆಟ್ ಅನ್ನೋ ಲೈಬ್ರರಿ ನೆಟ್‌ವರ್ಕ್‌ನ ಸದಸ್ಯರಾಗಿದ್ರೆ ಅವರದ್ದೂ ಇದೆ, ಆದ್ರೆ ರೋಮನ್ ಅಕ್ಷರದಲ್ಲಿ ಪ್ರಬುದ್ಧ ಅನ್ನೋದನ್ನ ಒಂದು ಲೈಬ್ರರಿ ಎರಡು ‘ಡಿ’ ಹಾಕಿ, ಇನ್ನೊಂದು ಒಂದೇ ‘ಡಿ’ ಹಾಕಿ, ಮತ್ತೊಂದು ಕರ್ನಾಟಕಕ್ಕೆ ‘ಕೆ’ ಬದಲು ‘ಸಿ’ ಹಾಕಿ ಎಂಟ್ರಿ ಮಾಡಿರತ್ತೆ, ಎಲ್ಲಾ ರೀತಿನೂ ಟೈಪ್ ಮಾಡಿ ನೋಡ್ಬೇಕು. ಸಿಕ್ತು ಅಂದ್ಕೊಳ್ಳಿ, ಪತ್ರಿಕೆ ಅವರಲ್ಲಿ ಇದೆ ಅಂತ ಗೊತ್ತಾಗತ್ತೆ, 14ನೇ ಸಂಪುಟ ಇದೆಯಾ ಅಂತ ಗೊತ್ತಾಗಲ್ಲ! ಕೊನೆಗೆ ಪರಿಚಯದ ಲೈಬ್ರೇರಿಯನ್‌ಗೆ ಫೋನು, ಅವರು ಅಟೆಂಡರ್‌ನ ಸ್ಟ್ಯಾಕ್‌ಗೆ ಕಳಿಸಿ, ಬೈಂಡ್ ಆದ ಸಂಪುಟ ಧೂಳು ಒರೆಸಿ, ಮೊಬೈಲಲ್ಲಿ ಫೋಟೋ ತೆಗೆದು ವಾಟ್ಸಾಪ್ ಮಾಡ್ತಾರೆ. ಲೇಖನ ಬಂತು, ಸ್ಕಾಲರ್‌ಗೆ ಖುಷಿ. ಆದ್ರೆ ಐಎಲ್‌ಎಲ್ ರಿಜಿಸ್ಟರಲ್ಲಿ ಎಂಟ್ರಿ? ಇಲ್ಲ. ನಿಮ್ಮಲ್ಲಿ ರಿಕ್ವೆಸ್ಟ್ ಇಳೀತಿದೆ ಅಂತ ಕಾಣೋದಕ್ಕೆ ಒಂದು ಕಾರಣ ಇದೂ ಇರ್ಬಹುದು, ಲೈಬ್ರೇರಿಯನ್‌ಗಳ ವಾಟ್ಸಾಪ್ ಗ್ರೂಪಲ್ಲಿ ನಡೆಯೋ ಕೊಡುಕೊಳ್ಳೋದು ಯಾವ ಲೆಕ್ಕಕ್ಕೂ ಸೇರ್ತಿಲ್ಲ. ಅದನ್ನೂ ಬರೆದಿಡಿ, ಅದೂ ಐಎಲ್‌ಎಲ್ಲೇ.

ಇಲ್ಲೊಂದು ಸಣ್ಣ ಇತಿಹಾಸ ಹೇಳ್ತೀನಿ, ಕೆಲಸಕ್ಕೆ ಬರುತ್ತೆ. 1997ರಲ್ಲಿ ಅಮೆರಿಕದ ಕೊಲರಾಡೋ ಸ್ಟೇಟ್ ಯೂನಿವರ್ಸಿಟಿ ಲೈಬ್ರರಿಗೆ ಪ್ರವಾಹದ ನೀರು ನುಗ್ಗಿ ಲಕ್ಷಗಟ್ಟಲೆ ಸಂಪುಟ ಹಾಳಾಯ್ತು. ಜರ್ನಲ್ ಹೋಗಿದೆ, ಪಾಠ ನಿಲ್ಲಿಸೋ ಹಾಗಿಲ್ಲ, ಎಲ್ಲಾ ಹೊರಗಿಂದ ತರಿಸ್ಬೇಕು. ಆಗ ಅಲ್ಲಿನ ಐಎಲ್‌ಎಲ್ ಸಿಬ್ಬಂದಿನೇ ಕಟ್ಟಿದ್ದು ರ್‍ಯಾಪಿಡ್ ಅನ್ನೋ ವ್ಯವಸ್ಥೆ, ಇವತ್ತು ಅದು ಅಂತಾರಾಷ್ಟ್ರೀಯ ನೆಟ್‌ವರ್ಕ್. ಅದರ ಗುಟ್ಟು ಏನಪ್ಪಾ ಅಂದ್ರೆ ಯಾವ ಲೈಬ್ರರಿಲಿ ಯಾವ ಜರ್ನಲ್‌ನ ಯಾವ ವರ್ಷದ ಸಂಚಿಕೆ ಇದೆ ಅನ್ನೋದನ್ನ ವರ್ಷದ ಮಟ್ಟದಲ್ಲಿ ಸೇರಿಸಿಟ್ಟಿದ್ದು, ಹಾಗಾಗಿ ರಿಕ್ವೆಸ್ಟ್ ನೇರವಾಗಿ ಇರೋ ಕಡೆಗೇ ಹೋಗತ್ತೆ, ‘ನಮ್ಮಲ್ಲಿ ಇಲ್ಲ’ ಅನ್ನೋ ಉತ್ತರಕ್ಕೆ ನಾಲ್ಕು ದಿನ ಕಾಯೋದು ತಪ್ಪತ್ತೆ. ನಮ್ಮಲ್ಲಿ ಇದನ್ನ ದೊಡ್ಡದಾಗಿ ಮಾಡೋಕೆ ಆಗದೇ ಇರ್ಬಹುದು, ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬಾಲ್‌ನೆಟ್, ಮೈಸೂರಿನ ಮೈಲಿಬ್‌ನೆಟ್ ಅಂತ ಊರು ಮಟ್ಟದ ನೆಟ್‌ವರ್ಕ್‌ಗಳು ಹುಟ್ಟಿಕೊಂಡಿದ್ವು, ಆ ಉತ್ಸಾಹ ಈಗ ಕಾಣಲ್ಲ. ಆದ್ರೆ ನಾಲ್ಕೈದು ಯೂನಿವರ್ಸಿಟಿಯವರು ಸೇರಿ ಹಳೇ ಕನ್ನಡ ಪತ್ರಿಕೆಗಳ ಮಟ್ಟಿಗೆ ಯಾರಲ್ಲಿ ಯಾವ ಸಂಪುಟ ಇದೆ ಅನ್ನೋ ಒಂದು ಗೂಗಲ್ ಶೀಟ್ ಮಾಡೋಕೆ ಯಾರ ಪರ್ಮಿಷನ್ ಬೇಕು?

ಸರಿ, ಸರ್ವೆ ಮತ್ತೆ ಮಾಡೋದಾದ್ರೆ ಹೇಗೆ? ಲಿಬ್‌ಕ್ವಾಲ್ ಅಂತ ಕೇಳಿರ್ತೀರಿ, 1988ರ ಸರ್ವ್‌ಕ್ವಾಲ್ ಅನ್ನೋ ಮಾರ್ಕೆಟಿಂಗ್ ಅಳತೆನ ಲೈಬ್ರರಿಗೆ ಹೊಂದಿಸಿ 2000ದ ಹೊತ್ತಿಗೆ ಟೆಕ್ಸಸ್ ಎ ಅಂಡ್ ಎಂ ಯೂನಿವರ್ಸಿಟಿಯವರೂ ಮೇಲೆ ಹೇಳಿದ ಅಸೋಸಿಯೇಷನ್‌ನವರೂ ಸೇರಿ ಮಾಡಿದ್ದು. ಅದರ 22 ಪ್ರಶ್ನೆ ನಿಮಗೆ ಬೇಡ, ಯಾರೂ ಕೂತು ತುಂಬಲ್ಲ. ಅದರ ಐಡಿಯಾ ಮಾತ್ರ ತಗೊಳ್ಳಿ: ಪ್ರತಿ ಪ್ರಶ್ನೆಗೂ ಮೂರು ಅಂಕ ಕೇಳ್ತಾರೆ, ಕನಿಷ್ಠ ಎಷ್ಟಿದ್ರೆ ಸಹಿಸ್ಕೊಳ್ತೀರಿ, ಎಷ್ಟಿದ್ರೆ ನಿಮಗಿಷ್ಟ, ಈಗ ಎಷ್ಟು ಸಿಗ್ತಿದೆ, 1ರಿಂದ 9ರೊಳಗೆ. ಒಬ್ಬಳು ‘ಸ್ಟೇಟಸ್ ತಿಳಿಸೋದು’ ಅನ್ನೋದಕ್ಕೆ ಕನಿಷ್ಠ 6, ಇಷ್ಟ 8, ಸಿಗ್ತಿರೋದು 5 ಅಂತ ಕೊಟ್ರೆ ಅವಳು ಸಹಿಸೋ ಗೆರೆಯಿಂದಲೂ ನೀವು ಕೆಳಗಿದೀರಿ ಅಂತ ಅರ್ಥ. ಇನ್ನೊಬ್ಬ ‘ಬೇಗ ತರಿಸೋದು’ ಅನ್ನೋದಕ್ಕೆ ಕನಿಷ್ಠ 3, ಇಷ್ಟ 8, ಸಿಗ್ತಿರೋದು ಅದೇ 5 ಅಂದ್ರೆ ತೊಂದ್ರೆ ಇಲ್ಲ. ನಿಮ್ಮ ಹಳೇ ಫಾರ್ಮಲ್ಲಿ ಇಬ್ಬರೂ ‘ಸಾಧಾರಣ’ ಅಂತ ಒಂದೇ ಕಡೆ ಟಿಕ್ ಮಾಡಿರೋರು. ಬೇಗ ಬರೋದು, ಸ್ಟೇಟಸ್ ತಿಳಿಸೋದು, ಖರ್ಚು, ಪ್ರತಿಯ ಗುಣಮಟ್ಟ, ಈ ನಾಲ್ಕಕ್ಕೆ ಕೇಳಿದ್ರೆ ಸಾಕು.

ಕೇಳೋ ಹೊತ್ತು ಕೂಡ ಬದಲಾಯಿಸಿ. ವರ್ಷದ ಕೊನೆಗೆ ಒಂದೇ ಸಲ ಬೇಡ, ಒಂದೊಂದು ರಿಕ್ವೆಸ್ಟ್ ಮುಗಿದಾಗ್ಲೂ ಕೇಳಿ, ಸಿಕ್ಕವರಿಗೆ ಹೇಗೋ ಸಿಗದವರಿಗೂ ಹಾಗೇ. ಸಿಗದವರ ಹತ್ರ ‘ಆಮೇಲೆ ಏನ್ ಮಾಡಿದ್ರಿ’ ಅಂತ ಕೇಳಿ, ಅದರ ಉತ್ತರದಲ್ಲಿ ನಿಮ್ಮ ಇಡೀ ರಿಪೋರ್ಟಿಗಿಂತ ಜಾಸ್ತಿ ವಿಷಯ ಇರತ್ತೆ. ಸೇವೆನೇ ಬಳಸದವರಿಗೆ ಡಿಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಲ್ಲಿ ಒಂದೇ ಪ್ರಶ್ನೆ: ಕೊನೇ ಸಲ ಬೇಕಾದ್ದು ನಮ್ಮ ಲೈಬ್ರರಿಲಿ ಸಿಗಲಿಲ್ಲ ಅಂದಾಗ ಎಲ್ಲಿಂದ ತಂದ್ರಿ? ಹೆಸರು, ಗೈಡ್ ಹೆಸರು ಕೇಳ್ಲೇಬೇಡಿ. ಲಿಂಕ್ ಕಳಿಸೋದು ಕೌಂಟರ್ ಸಿಬ್ಬಂದಿ ಆಗೋದು ಬೇಡ.

ಖರ್ಚಿಲ್ಲದೆ ಅಸಮಾಧಾನ ಇಳಿಸೋ ದಾರಿ ಒಂದಿದೆ: ಇಲ್ಲ ಅನ್ನೋದನ್ನ ಬೇಗ ಹೇಳೋದು. ಎರಡು ದಿನದಲ್ಲಿ ‘ಸಿಗಲ್ಲ, ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಸ್ಕ್ಯಾನ್ ಇದೆಯಾ ನೋಡಿ, ಇಲ್ಲಾಂದ್ರೆ ಇಂಥಾ ಕಡೆ ಹೋದ್ರೆ ಅಲ್ಲೇ ಕೂತು ಓದಬಹುದು, ಲೆಟರ್ ಕೊಡ್ತೀವಿ’ ಅಂದ್ರೆ ಆ ಹುಡುಗಿ ಇನ್ನೊಂದ್ಸಲ ನಿಮ್ಮ ಹತ್ರ ಬರ್ತಾಳೆ. ಒಂದು ತಿಂಗಳು ‘ನೋಡ್ತಿದೀವಿ’ ಅಂದು ಆಮೇಲೆ ಇಲ್ಲ ಅಂದ್ರೆ ಅವಳೂ ಬರಲ್ಲ, ಅವಳ ರೂಮ್‌ಮೇಟೂ ಬರಲ್ಲ. ಪೋಸ್ಟ್ ಖರ್ಚು ಯಾರು ಕೊಡ್ಬೇಕು ಅನ್ನೋದನ್ನೂ ಫಾರ್ಮ್ ಮೇಲೇ ಬರೀರಿ. ಅಂದಹಾಗೆ ಅಂಚೆಯವರು ರಿಜಿಸ್ಟರ್ಡ್ ಬುಕ್ ಪೋಸ್ಟ್‌ನ 2024ರ ಡಿಸೆಂಬರಲ್ಲಿ ನಿಲ್ಲಿಸಿದ್ರು, ಆಗ ಪುಸ್ತಕ ಕಳಿಸೋರಿಗೆಲ್ಲ ಖರ್ಚು ಜಾಸ್ತಿ ಆಯ್ತು, 2025ರ ಮೇ 1ರಿಂದ ಜ್ಞಾನ್ ಪೋಸ್ಟ್ ಅಂತ ತಂದಿದಾರೆ, 300 ಗ್ರಾಂವರೆಗೆ 20 ರೂಪಾಯಿ, 5 ಕೆಜಿಗೆ 100, ಟ್ಯಾಕ್ಸ್ ಬೇರೆ. ಯಾವ ಪುಸ್ತಕಕ್ಕೆ ಅನ್ವಯ ಆಗತ್ತೆ ಅನ್ನೋದಕ್ಕೆ ಷರತ್ತಿದೆ, ನಿಮ್ಮ ಪೋಸ್ಟ್ ಆಫೀಸಲ್ಲಿ ಒಂದ್ಮಾತು ಕೇಳ್ಕೊಳ್ಳಿ. ಕಾಪಿರೈಟ್ ಬಗ್ಗೆ ಸಿಬ್ಬಂದಿ ಹೆದರ್ತಾರೆ, ರಿಸರ್ಚಿಗೆ ಒಂದು ಆರ್ಟಿಕಲ್ ಪ್ರತಿ ಅಂದ್ರೆ 1957ರ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ನ್ಯಾಯಯುತ ಬಳಕೆಗೆ ಜಾಗ ಇದೆ, ಆದ್ರೆ ಮಾರ್ಕೆಟ್‌ನಲ್ಲಿ ಸಿಗೋ ಇಡೀ ಪುಸ್ತಕ ಸ್ಕ್ಯಾನ್ ಮಾಡಿ ಗ್ರೂಪಿಗೆ ಹಾಕೋದು ಬೇರೆ ವಿಷಯ, ಅದಕ್ಕೆ ಕೈ ಹಾಕ್ಬೇಡಿ.

ಇನ್ನೊಂದು ಕಡೆ ಯಾರೂ ನೋಡಲ್ಲ: ನೀವು ಬೇರೆಯವರಿಗೆ ಎಷ್ಟು ಕೊಡ್ತೀರಿ? ಅದೇ 1998ರ ಸ್ಟಡೀಲಿ ತರಿಸ್ಕೊಳ್ಳೋ ರಿಕ್ವೆಸ್ಟಲ್ಲಿ ನೂರಕ್ಕೆ 85 ಸಿಕ್ಕಿದ್ರೆ, ಕೊಡೋ ಕಡೆ ಬಂದ ರಿಕ್ವೆಸ್ಟಲ್ಲಿ ಈಡೇರಿದ್ದು 58 ಮಾತ್ರ, ಅಂದ್ರೆ ಒಂದು ಕಡೆ ಇಲ್ಲ ಅಂದಾಗ ಇನ್ನೊಂದು ಕಡೆ ಕೇಳಿ ಕೇಳಿ ಸಾಧಿಸ್ತಿದ್ರು. ನಮ್ಮಲ್ಲಿ ‘ರೆಫರೆನ್ಸ್ ಓನ್ಲಿ’ ಸೀಲ್ ಹಾಕಿ ಕೊಡದೇ ಇರೋದು ಸುಲಭ, ಪುಸ್ತಕ ಕಳೆದ್ರೆ ಆಡಿಟ್‌ನಲ್ಲಿ ಉತ್ತರ ಕೊಡಬೇಕಾದವರು ಲೈಬ್ರೇರಿಯನ್ ತಾನೇ, ಆ ಭಯ ನನಗೂ ಅರ್ಥ ಆಗತ್ತೆ. ಆದ್ರೆ ನೀವು ಕೊಡದಿದ್ರೆ ನಿಮಗೂ ಯಾರೂ ಕೊಡಲ್ಲ, ನಿಮ್ಮ ಓದುಗರ ತೃಪ್ತಿ ಅಲ್ಲಿಂದಾನೂ ಕಡಿಮೆ ಆಗ್ತಿರತ್ತೆ.

ನ್ಯಾಕ್‌ಗೆ ಈ ಸಲ ಇರೋ ಅಂಕಿನೇ ಕೊಡಿ, ಪಕ್ಕದಲ್ಲಿ ಎಷ್ಟು ಜನರನ್ನ ಕೇಳಿದ್ದು, ಯಾರನ್ನ ಕೇಳಿದ್ದು ಅಂತ ಬರೀರಿ. ಸಿಗದೇ ಹೋದ ರಿಕ್ವೆಸ್ಟ್‌ಗಳ ಪಟ್ಟಿನ ಪುಸ್ತಕ ಆಯ್ಕೆ ಕಮಿಟಿಗೆ ಕೊಡಿ, ಎರಡು ಮೂರು ಸಲ ಕೇಳಿ ಬಂದ ಪುಸ್ತಕ ಮಾರ್ಕೆಟ್‌ನಲ್ಲಿದ್ರೆ ಕೊಂಡುಬಿಡೋದೇ ಅಗ್ಗ. ಕೋಹಾ ಅನ್ನೋ ಲೈಬ್ರರಿ ಸಾಫ್ಟ್‌ವೇರ್ ಬಳಸ್ತಿದ್ರೆ ಅದರಲ್ಲಿ ಐಎಲ್‌ಎಲ್ ಮಾಡ್ಯೂಲ್ ಇದೆ, ಆನ್ ಮಾಡ್ಕೊಳ್ಳಿ, ಬೇಡ ಅನಿಸಿದ್ರೆ ಎಕ್ಸೆಲ್ ಸಾಕು. ಕಾಲಂಗಳು ಹೀಗಿರಲಿ: ಕೇಳಿದ ದಿನ, ಯಾವ ತಾರೀಕಿನೊಳಗೆ ಬೇಕು, ಏನು ಬೇಕು, ಯಾವ ಥರದ್ದು, ಎಲ್ಲೆಲ್ಲಿ ಕೇಳಿದ್ರಿ, ಬಂದ ದಿನ ಇಲ್ಲಾ ‘ಇಲ್ಲ’ ಅಂದ ದಿನ, ಯಾರು ಖರ್ಚು ಕೊಟ್ರು, ಸಿಗದಿದ್ರೆ ಕಾರಣ. ವಾಟ್ಸಾಪಲ್ಲಿ ಬಂದಿದ್ದಕ್ಕೂ ಒಂದು ಸಾಲು. ಒಂದು ಸೆಮಿಸ್ಟರ್ ತುಂಬಿ, ಓದುಗರ ಹೆಸರಿನ ಕಾಲಂ ಅಳಿಸಿ ನನಗೆ ಕಳಿಸಿ, ಹಳೇ ಪತ್ರಿಕೆಗಳ ಸಾಲುಗಳನ್ನ ಮೊದಲು ನೋಡೋಣ.